ಗ್ಲೋಬಿನ ಮೇಲೆ ದಾರ ಇಟ್ಟು ನೋಡಿದೆ

ಮಗಳು ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ಡಿಸೆಂಬರ್‌ನಲ್ಲಿ. ಜನವರಿಯಲ್ಲಿ ವಾಪಸ್ ಬರುವಾಗ ತಮ್ಮನಿಗೆ ಹೊತ್ತು ತಪ್ಪು ಹೇಳಿಬಿಟ್ಟೆ. ಸ್ಯಾನ್ ಫ್ರಾನ್ಸಿಸ್ಕೋ ಬಿಡೋದು ಬುಧವಾರ ರಾತ್ರಿ 9ಕ್ಕೆ, ಹದಿನೇಳೂವರೆ ಗಂಟೆ ಹಾದಿ, ಗುರುವಾರ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಅಂದೆ. ಪಾಪ, ಅವನು ಹಾಸನದಿಂದ ಬಂದು ಕಾದ. ನಾನು ಇಳಿದಾಗ ಶುಕ್ರವಾರ ಬೆಳಗಿನ ಜಾವ 4. ಅಲ್ಲಿನ ಗಡಿಯಾರಕ್ಕೂ ನಮ್ಮದಕ್ಕೂ ಇರುವ ಹದಿಮೂರೂವರೆ ಗಂಟೆಯನ್ನು ನಾನು ಸೇರಿಸಿಯೇ ಇರಲಿಲ್ಲ. ಅಷ್ಟೂ ಹೊತ್ತು ಅವನು ಕುರ್ಚಿಯಲ್ಲಿ ಕೂತಿದ್ದ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮುಂದಿನ ಸಲಕ್ಕೆ ಎಲ್ಲ ನಾನೇ ಲೆಕ್ಕ ಹಾಕಿದೆ, ದೂರದಿಂದ ಹಿಡಿದು.

ಮನೆಯಲ್ಲಿ ಮಗಳ ಹಳೇ ಗ್ಲೋಬ್ ಇತ್ತು, 30 ಸೆಂಟಿಮೀಟರ್ ವ್ಯಾಸದ್ದು. ಅದರ ಸುತ್ತಳತೆ 94 ಸೆಂಟಿಮೀಟರ್, ಭೂಮಿಯದು ಸುಮಾರು 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರ್‌ಗೆ ಸುಮಾರು 425 ಕಿಲೋಮೀಟರ್. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದೆ. ಸಡಿಲ ಬಿಟ್ಟರೆ ದಾರ ಪೆಸಿಫಿಕ್ ಸಾಗರದ ಮೇಲೆ ಜೋತು ಬೀಳುತ್ತಿತ್ತು. ಬಿಗಿ ಮಾಡುತ್ತಾ ಹೋದ ಹಾಗೆ ಮೆಲ್ಲಗೆ ಮೇಲಕ್ಕೆ ಜಾರಿತು. ಚೀನಾ ದಾಟಿ, ಸೈಬೀರಿಯಾ ದಾಟಿ, ಅದರ ಉತ್ತರದ ಹಿಮಸಾಗರದ ಅಂಚು ಮುಟ್ಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯಿತು. ಗೋಡೆಯ ಮ್ಯಾಪ್ ನೋಡಿ ಯಾರೂ ಈ ದಾರಿ ಊಹಿಸಲಾರರು, ಅಲ್ವಾ? ದಾರ ಅಳೆದರೆ 33 ಸೆಂಟಿಮೀಟರ್. ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದಾಗಲೂ ಸುಮಾರು 13,990 ಕಿಲೋಮೀಟರ್ ಬಂತು. ದಾರ ಸುಳ್ಳು ಹೇಳಿರಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಹೆಂಡತಿಯನ್ನು ಕರೆದು ಇನ್ನೊಮ್ಮೆ ಅಳೆದು ತೋರಿಸಿದೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರುಮಾಡಿತ್ತು. ಮೊದಲ ಹಾರಾಟದಲ್ಲಿ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಿದ್ದರು. ದಾರ ಎಳೆದ ಮೇಲೆಯೇ ನನಗೆ ಆ ಸುದ್ದಿ ಸರಿಯಾಗಿ ಅರ್ಥವಾಗಿದ್ದು.

ದೂರವನ್ನು ಗಂಟೆಗೆ 900 ಕಿಲೋಮೀಟರ್‌ನಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಪೈಲಟ್ ದಾರದ ಮೇಲೆಯೇ ಹೋಗುವುದಿಲ್ಲ, ಗಾಳಿ ನೋಡಿ ದಾರಿ ಬದಲಿಸುತ್ತಾರೆ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದುರಿಗೆ. ಅದಕ್ಕೇ ಬರುವ ಹಾದಿ ಒಂದು ಗಂಟೆಗೂ ಹೆಚ್ಚು ಉದ್ದವಾಗುತ್ತದೆ.

ಹೊತ್ತಿನ ಲೆಕ್ಕಕ್ಕೆ ಈಗ ಒಂದೇ ಗಡಿಯಾರ ಇಟ್ಟುಕೊಂಡಿದ್ದೇನೆ, ನಮ್ಮದು. ಅಲ್ಲಿ ಹೊರಡುವ ಹೊತ್ತನ್ನು ಮೊದಲು ನಮ್ಮ ಹೊತ್ತಿಗೆ ತಿರುಗಿಸಿ, ಆಮೇಲೆ ಪ್ರಯಾಣದ ಗಂಟೆ ಕೂಡಿಸುತ್ತೇನೆ. ಎರಡನೇ ಸಲ ಬಂದಿದ್ದು ಮೇ ತಿಂಗಳಲ್ಲಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ವ್ಯತ್ಯಾಸ ಹನ್ನೆರಡೂವರೆ. ಬುಧವಾರ ರಾತ್ರಿ 9 ಅಂದರೆ ನಮಗೆ ಗುರುವಾರ ಬೆಳಿಗ್ಗೆ ಒಂಬತ್ತೂವರೆ. ಅದಕ್ಕೆ ಹದಿನೇಳೂವರೆ ಸೇರಿಸಿದೆ. ತಮ್ಮನಿಗೆ ಕಳಿಸಿದ ಮೆಸೇಜ್ ಇಷ್ಟೇ: ‘ಶುಕ್ರವಾರ ಬೆಳಗಿನ ಜಾವ 3. ಗುರುವಾರ ರಾತ್ರಿ ಮನೆಯಲ್ಲೇ ಊಟ ಮುಗಿಸಿಕೊಂಡು ಹೊರಡು.’