ಹೊಸ ವಾಲ್‌ಪೇಪರಿನ ಹಿಂದಿನ ಜಪಾನಿ ಮನೆ

ಟೋಕಿಯೋದ ನಿಶಿ-ಕಾಸಾಯಿಯ ಬಾಡಿಗೆ ಫ್ಲ್ಯಾಟು ಇಕ್ಕಟ್ಟು ಅನ್ನಿಸತೊಡಗಿದರೆ ಕಣ್ಣು ಹೋಗುವುದು ಪಕ್ಕದ ಚಿಬಾ ಪ್ರಾಂತ್ಯದ ಯಾಚಿಯೊದಂಥ ಊರುಗಳ ಕಡೆಗೆ. ತೋಜಾಯಿ ಲೈನಿನ ಮೆಟ್ರೋ ರೈಲೇ ಮುಂದುವರಿದು ಅಲ್ಲಿಗೆ ಹೋಗುತ್ತದೆ. (ನಡುವಿನ ತೋಯೊ ಲೈನಿನ ಟಿಕೆಟ್ಟು ದುಬಾರಿ, ನೀವು ಕೆಲಸ ಮಾಡುವ ಕಂಪನಿ ಪಾಸಿನ ದುಡ್ಡು ಕೊಡುತ್ತದೋ ಕೇಳಿಕೊಳ್ಳಿ.) ಸದ್ದಿಲ್ಲದ ಬೀದಿ, 4ಎಲ್‌ಡಿಕೆ (ನಾಲ್ಕು ಕೋಣೆ, ಜೊತೆಗೆ ಹಾಲ್, ಊಟದ ಜಾಗ, ಅಡುಗೆಮನೆ), ಕಾರಿಗೆ ಜಾಗ, ಜಾಹೀರಾತಿನ ತಲೆಯ ಮೇಲೆ ‘ರಿಫೋಮು-ಜುಮಿ’, ಅಂದರೆ ರಿಪೇರಿ ಮುಗಿದಿದೆ. ಯಾವ ರಿಪೇರಿ ಎಂದು ಮಾತ್ರ ನಾವೇ ಕೇಳಬೇಕು. ಬಚ್ಚಲು, ಸಿಂಕು, ವಾಲ್‌ಪೇಪರು ಬದಲಾಯಿಸಿದರೂ ಅದೇ ಪದ ಹಾಕುತ್ತಾರೆ.

ನಾನು ನೋಡಿದ ಒಂದು ಮನೆ ಒಳಗೆಲ್ಲ ಮಿರಮಿರ. ಅಡುಗೆಮನೆಯ ನೆಲದಲ್ಲಿ ಸಾಮಾನಿಡುವ ಗುಂಡಿಯ ಮುಚ್ಚಳ ತೆಗೆಸಿ, ಡಬ್ಬ ಎತ್ತಿ ಟಾರ್ಚ್ ಬಿಟ್ಟೆ. ಮುಗ್ಗಲು ವಾಸನೆ, ತೊಲೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ. ಹೊರಗೆ ಥಳುಕು ಒಳಗೆ ಹುಳುಕು ಅನ್ನುವುದು ಅಕ್ಷರಶಃ ನಿಜವಾಗಿತ್ತು. ಏಜೆಂಟರು ಬಗ್ಗಿ ಕ್ಷಮೆ ಕೇಳಿದರು. ಅದರಿಂದ ತೊಲೆ ಗಟ್ಟಿಯಾಗುವುದಿಲ್ಲವಲ್ಲ.

ಕಾಗದದಲ್ಲಿ ಮೊದಲು ಇಸವಿ ನೋಡಿ. 1981ರ ಜೂನ್ 1ರಿಂದ ಭೂಕಂಪದ ಹೊಸ ನಿಯಮ ಬಂತು. ಮರದ ಮನೆಗಳಿಗೆ 2000ದಲ್ಲಿ ಇನ್ನಷ್ಟು ಬಿಗಿಯಾಯಿತು. ಲೆಕ್ಕಕ್ಕೆ ಬರುವುದು ಕಟ್ಟಿ ಮುಗಿಸಿದ ದಿನವಲ್ಲ, ಕಟ್ಟಲು ಮಂಜೂರಾತಿ ಸಿಕ್ಕ ದಿನ. 1982ರಲ್ಲಿ ಮುಗಿದ ಮನೆಯೂ ಹಳೆಯ ನಿಯಮದ್ದಿರಬಹುದು.

ಆಮೇಲೆ ರಸ್ತೆ. ಸೈಟು ಕನಿಷ್ಠ 2 ಮೀಟರಿನಷ್ಟು ಕಾನೂನುಬದ್ಧ ರಸ್ತೆಗೆ ತಾಗಿರಬೇಕು. ಇಲ್ಲದಿದ್ದರೆ ‘ಸಾಯ್-ಕೆಂಚಿಕು ಫುಕಾ’: ಇರುವ ಮನೆ ಬಿದ್ದರೆ ಮತ್ತೆ ಕಟ್ಟುವಂತಿಲ್ಲ. ಬೆಲೆ ಆಸೆ ಹುಟ್ಟಿಸುವಷ್ಟು ಕಡಿಮೆಯಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಮಾರುವವರು ಯಾರೆಂಬುದೂ ಮುಖ್ಯ. ಹಳೆ ಮನೆ ಕೊಂಡು ರಿಪೇರಿ ಮಾಡಿ ಮಾರುವ ರಿಯಲ್ ಎಸ್ಟೇಟ್ ಕಂಪನಿಯಾದರೆ, ಮುಚ್ಚಿಹೋದ ದೋಷಕ್ಕೆ ಕಾನೂನಿನಂತೆ ಕನಿಷ್ಠ 2 ವರ್ಷ ಹೊಣೆ ಹೊರಬೇಕು. ಖಾಸಗಿ ಮಾಲೀಕರಾದರೆ ಕರಾರಿನಲ್ಲಿ ಸಾಮಾನ್ಯವಾಗಿ 3 ತಿಂಗಳು ಬರೆದಿರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ನನ್ನ ಓಟು ಕಂಪನಿಗೆ, ಬೆಲೆ ಸ್ವಲ್ಪ ಹೆಚ್ಚಾದರೂ.

ವಿದೇಶಿಯರು ಇಲ್ಲಿ ಮನೆ-ಜಾಗ ಕೊಳ್ಳಲು ಪಿಆರ್ (ಕಾಯಂ ವಾಸದ ಅನುಮತಿ) ಬೇಕಿಲ್ಲ. ಬೇಕಾಗುವುದು ಸಾಲಕ್ಕೆ: ಸರ್ಕಾರಿ ಬೆಂಬಲದ ‘ಫ್ಲ್ಯಾಟ್ 35’ ಎಂಬ ಗೃಹಸಾಲ ಪಿಆರ್ ಇಲ್ಲದವರಿಗೆ ಸಿಗದು. ಅದಿಲ್ಲದೆ ಕೊಡುವ ಬ್ಯಾಂಕುಗಳು ಕೆಲವಿವೆ, ಕೈಯಿಂದ ಹೆಚ್ಚು ಹಾಕಿ ಅನ್ನುತ್ತವೆ. ‘ತೆತ್ಸುಕೆ’ ಎಂಬ ಮುಂಗಡ ಸಾಮಾನ್ಯವಾಗಿ ಬೆಲೆಯ ಶೇ. 5ರಿಂದ 10. ಮನಸ್ಸು ಬದಲಾಯಿಸಿದರೆ ಅದು ಹೋಯಿತು. ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ ಎಂಬ ಷರತ್ತು ಕರಾರಿನಲ್ಲಿದೆಯೇ ನೋಡದೆ ಸಹಿ ಹಾಕಬೇಡಿ. ಸಹಿಗೆ ಮುಂಚೆ ರಿಯಲ್ ಎಸ್ಟೇಟ್ ಲೈಸೆನ್ಸ್ ಇರುವವರು ‘ಜೂಯೋ ಜಿಕೋ’, ಅಂದರೆ ಮುಖ್ಯ ಸಂಗತಿಗಳ ವಿವರಣೆ ಓದಿ ಹೇಳಲೇಬೇಕು. ಪ್ರವಾಹದ ನಕ್ಷೆಯಲ್ಲಿ ಮನೆ ಎಲ್ಲಿದೆ ಎಂಬುದೂ ಅದರಲ್ಲಿ ಬರುತ್ತದೆ. ಜಪಾನಿ ಚೆನ್ನಾಗಿ ಬಲ್ಲ ಸ್ನೇಹಿತರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಏಜೆಂಟರ ಕಮಿಷನ್ನಿನ ಮಿತಿ ಬೆಲೆಯ ಶೇ. 3 ಮತ್ತು 60,000 ಯೆನ್, ಮೇಲೆ ತೆರಿಗೆ. 2.5 ಕೋಟಿ ಯೆನ್ ಮನೆಗೆ 8,91,000 ಯೆನ್ ಆಯಿತು. ರಿಜಿಸ್ಟ್ರೇಷನ್ನಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಕ್ಯೂ ಇಲ್ಲ, ‘ಶಿಹೋ ಶೋಶಿ’ ಎಂಬವರು ನಮ್ಮ ಪರವಾಗಿ ಮುಗಿಸುತ್ತಾರೆ.

ಹಳೆ ಮನೆಗಳಲ್ಲಿ ಬುದ್ಧನ ಪೀಠಕ್ಕೆಂದು ಬಿಟ್ಟ ಗೂಡು ಸಿಕ್ಕರೆ ದೇವರ ಮನೆಯ ಚಿಂತೆ ತೀರಿತು. ಹಾಲು ಉಕ್ಕಿಸಿ ತಿಂಗಳುಗಟ್ಟಲೆ ಆದ ಮೇಲೆ ಪ್ರಿಫೆಕ್ಚರಿನಿಂದ ಆಸ್ತಿ ಕೊಂಡ ತೆರಿಗೆಯ ಲಕೋಟೆ ಬರುತ್ತದೆ. ಸ್ವಂತ ವಾಸದ ಮನೆಗೆ ರಿಯಾಯಿತಿ ಉಂಟು; ಅರ್ಜಿ ಹಾಕಬೇಕೇ ಎಂದು ಆಗಲೇ ವಿಚಾರಿಸಿ.