ಉತ್ತರಕ್ಕೆ ಕಾಯುದಾ, ಕಳಿಸಿ ಬಿಡುದಾ: ಎಸ್‌ಎಪಿ ಪಿಒದಲ್ಲಿ ನನ್ನ ಅನುಭವ

ಬೈಕಂಪಾಡಿಯ ಒಂದು ಗೇರುಬೀಜದ ಕಂಪೆನಿಗೆ ಎಸ್‌ಎಪಿ ಪಿಒ ಇಂಟಿಗ್ರೇಷನ್ ಮಾಡಿಕೊಟ್ಟದ್ದು ನಾವು. ಎಸ್‌ಎಪಿ ಅಂದ್ರೆ ಕಂಪೆನಿಯ ಆರ್ಡರ್, ಸ್ಟಾಕ್, ಲೆಕ್ಕ ಎಲ್ಲ ನೋಡುವ ಸಾಫ್ಟ್‌ವೇರ್, ಪಿಒ (ಪ್ರೊಸೆಸ್ ಆರ್ಕೆಸ್ಟ್ರೇಷನ್) ಅಂದ್ರೆ ಅದಕ್ಕೂ ಬೇರೆ ಸಿಸ್ಟಮ್‌ಗಳಿಗೂ ನಡುವೆ ಮೆಸೇಜ್ ಸಾಗಿಸುವಂಥದ್ದು. ಸೇಲ್ಸ್ ಆ್ಯಪ್, ಗೋಡೌನ್ ಸಾಫ್ಟ್‌ವೇರ್, ಟ್ರಾನ್ಸ್‌ಪೋರ್ಟ್‌ನವರ ಸಿಸ್ಟಮ್ ಎಲ್ಲ ಎಸ್‌ಎಪಿಗೆ ಸೇರ್ಬೇಕಿತ್ತು. ಕಂಪೆನಿಯವರದ್ದು ಒಂದೇ ಹಠ, ಎಲ್ಲ ಸಿಂಕ್ರೊನಸ್, ಅಂದ್ರೆ ಕಳಿಸಿದವ ಉತ್ತರಕ್ಕೆ ಕಾದು ನಿಲ್ಲುವ ಹಾಗೆ ಬೇಕು ಅಂತ. "ಎಲ್ಲ ಸಿಂಕ್ರೊನಸ್ಸೇ ಇರ್ಲಿ ಮಾರಾಯ್ರೆ, ಹೋಯ್ತಾ ಇಲ್ವಾ ಅಂತ ಆಗ್ಲೇ ಗೊತ್ತಾಗ್ತದಲ್ಲ".

ನಾನು ಪ್ರತಿ ಇಂಟರ್‌ಫೇಸ್‌ಗೂ (ಎರಡು ಸಿಸ್ಟಮ್ ನಡುವಿನ ಒಂದೊಂದು ಕೊಂಡಿಗೂ) ಕೇಳಿದ್ದು ಇಷ್ಟೆ, ಉತ್ತರ ಬಾರದೆ ಕಳಿಸಿದವನ ಕೆಲಸ ಮುಂದೆ ಹೋಗ್ತದಾ? ಸೇಲ್ಸ್‌ನವ ಗಿರಾಕಿಯನ್ನು ಫೋನಲ್ಲಿ ಇಟ್ಟುಕೊಂಡೇ ಸ್ಟಾಕ್ ಎಷ್ಟುಂಟು ನೋಡುದು, ಹಾಗಾಗಿ ಅದು ಸಿಂಕ್, ಪಿಒದಲ್ಲಿ ಬೆಸ್ಟ್ ಎಫರ್ಟ್ ಅಂತಾರೆ. ಫೇಲಾದ್ರೆ ಪಿಒ ಪುನಃ ಕಳಿಸುದಿಲ್ಲ, ಅವನೇ ಇನ್ನೊಮ್ಮೆ ಒತ್ಬೇಕು, ಟೈಮ್‌ಔಟ್ ಆದ್ರೆ ಆಚೆ ಕಡೆ ಕೆಲಸ ಆಗಿದೆಯಾ ಇಲ್ವಾ ಅಂತಲೂ ಗೊತ್ತಾಗುದಿಲ್ಲ. ಬರೀ ನೋಡುದಕ್ಕೆ ಅದು ಸಾಕು, ಡೆಲಿವರಿ, ಇನ್‌ವಾಯ್ಸ್‌ಗೆಲ್ಲ ಆಗ್ಲಿಕ್ಕಿಲ್ಲ.

ಅವೆಲ್ಲ ಅಸಿಂಕ್, ಅಂದ್ರೆ ಉತ್ತರಕ್ಕೆ ಕಾಯದೆ ಕಳಿಸಿ ಬಿಡುದು; ಪಿಒದಲ್ಲಿ ಎಕ್ಸಾಕ್ಟ್ಲಿ ಒನ್ಸ್, ಒಂದು ಮೆಸೇಜ್ ಒಂದೇ ಸಲ ತಲುಪಿಸುದು. ಟ್ರಾನ್ಸ್‌ಪೋರ್ಟ್‌ನವರ ಸರ್ವರ್ ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ಮಲಗುದು, ಮೆಸೇಜ್ ಮಾತ್ರ ಪಿಒ ಡೇಟಾಬೇಸಲ್ಲಿ ಕೂತಿರ್ತದೆ, ಡೀಫಾಲ್ಟಾಗಿ 5 ನಿಮಿಷ ಬಿಟ್ಟು ಬಿಟ್ಟು 3 ಸಲ ಟ್ರೈ ಮಾಡಿ ಆಮೇಲೆ ಸಿಸ್ಟಮ್ ಎರರ್ ಅಂತ ನಿಲ್ತದೆ. ಅಷ್ಟರೊಳಗೆ ಕರೆಂಟ್ ಬರುದುಂಟಾ! ರೀಟ್ರೈ ಜಾಸ್ತಿ ಮಾಡಿಟ್ಟೆ. ಇನ್ನೊಂದು, ಸೋಪ್ ಅಡಾಪ್ಟರಿಗೆ (ವೆಬ್ ಸರ್ವಿಸ್ ಮೂಲಕ ಮೆಸೇಜ್ ತಗೊಳ್ಳುವ ಪಿಒದ ಬಾಗಿಲು) ಕಳಿಸುವವ ಅದೇ ಡೇಟಾ ಎರಡು ಸಲ ಕಳಿಸಿದ್ರೆ ಪಿಒಗೆ ಅದು ಎರಡು ಬೇರೆ ಬೇರೆ ಮೆಸೇಜೇ, ಅವನೇ ಯುಆರ್‌ಎಲ್‌ನಲ್ಲಿ ಹಳೇ ಮೆಸೇಜ್ ಐಡಿಯನ್ನೇ ಕೊಟ್ರೆ ಮಾತ್ರ ಡೂಪ್ಲಿಕೇಟ್ ಅಂತ ಹಿಡೀತದೆ. ನನಗೆ ಅದರ ಮೇಲೆ ಪೂರ್ತಿ ಭರವಸೆ ಇಲ್ಲ, ಎಸ್‌ಎಪಿ ಪ್ರೋಗ್ರಾಮಲ್ಲೂ ಡೆಲಿವರಿ ನಂಬರ್ ಚೆಕ್ ಹಾಕಿಸಿದ್ದೇನೆ.

ತಲೆ ತಿಂದದ್ದು ಇಒಐಒ (ಎಕ್ಸಾಕ್ಟ್ಲಿ ಒನ್ಸ್ ಇನ್ ಆರ್ಡರ್), ಅಂದ್ರೆ ಬಂದ ಕ್ರಮದಲ್ಲೇ ಕಳಿಸುದು. ಒಂದು ಆರ್ಡರ್‌ನ ಕ್ರಿಯೇಟ್, ಚೇಂಜ್, ಕ್ಯಾನ್ಸಲ್ ಹಿಂದೆಮುಂದೆ ಆಗ್ಬಾರ್ದಲ್ಲ. ಆದ್ರೆ ಇದು ಶಿರಾಡಿ ಘಾಟಿಯ ಟ್ರಾಫಿಕ್ ಹಾಗೆ, ಮುಂದೆ ಒಂದು ಲಾರಿ ಕೆಟ್ಟು ನಿಂತ್ರೆ ಹಿಂದಿನದ್ದೆಲ್ಲ ಹೋಲ್ಡಿಂಗ್ ಸ್ಟೇಟಸ್, ಸಾಲಲ್ಲಿ ಕಾಯುದೇ. ಎಲ್ಲದಕ್ಕೂ ಒಂದೇ ಕ್ಯೂ ಇಟ್ರೆ ಯಾರೋ ಒಬ್ಬನ ತಪ್ಪು ಜಿಎಸ್‌ಟಿ ನಂಬರಿಗೆ ಇಡೀ ಕಂಪೆನಿಯ ಆರ್ಡರ್ ನಿಲ್ತದೆ. ಅದಕ್ಕೆ ಆರ್ಡರ್ ನಂಬರಿನ ಕೊನೆಯ ಅಂಕಿ ನೋಡಿ ಕ್ಯೂ ಹೆಸರು ಕೊಟ್ಟೆವು, 10 ಕ್ಯೂ ಆಯ್ತು, ಒಂದೇ ಆರ್ಡರ್‌ನದ್ದು ಯಾವಾಗ್ಲೂ ಒಂದೇ ಕ್ಯೂಗೆ ಬೀಳ್ತದೆ.

ಸಪೋರ್ಟ್‌ನ ಹುಡುಗರಿಗೆ ಹೇಳಿದ್ದೇನೆ, ಹೋಲ್ಡಿಂಗ್ ಕಂಡ ಕೂಡ್ಲೇ ಅದಕ್ಕೆ ರೀಸ್ಟಾರ್ಟ್ ಒತ್ತುದಲ್ಲ, ಕ್ಯೂ ತಲೆಯಲ್ಲಿ ಎರರ್ ಆಗಿ ಕೂತದ್ದು ಯಾವುದು ನೋಡಿ ಅದರ ಕಾರಣ ಸರಿ ಮಾಡಿ ರೀಸ್ಟಾರ್ಟ್ ಮಾಡುದು, ಆಗದಿದ್ರೆ ಕ್ಯಾನ್ಸಲ್. ಕ್ಯಾನ್ಸಲ್ ಮಾಡುವ ಮೊದ್ಲು ಸೇಲ್ಸ್‌ನವರಿಗೆ ಒಂದು ಫೋನ್ ಮಾಡ್ಲೇಬೇಕು.