ಎರಡು ಮಚ್ಚೆ ರಾಸ್ ಮೀನಿನ ಮರಿ ತರೋಕ್ ಮುಂಚೆ ಟೇಪ್ ಹಿಡಿದು ಟ್ಯಾಂಕ್ ಅಳೀರಿ

ಶಿವಾಜಿನಗರದ ಕಡೆ ಮೀನಿನಂಗಡೀಲಿ ಬೆರಳುದ್ದದ ಬಿಳಿ ಮೀನು, ಬೆನ್ನಲ್ಲಿ ಎರಡು ಕಿತ್ತಳೆ ಮಚ್ಚೆ, ನೋಡಿದ್ರೆ ಎಂಥವ್ರಿಗೂ ತಗೊಳೋಣ ಅನ್ಸತ್ತೆ. ಅದೇ ಕೋರಿಸ್ ಐಗುಲಾ, ರಾಸ್ ಅನ್ನೋ ಸಮುದ್ರದ ಮೀನಿನ ಒಂದು ಜಾತಿ. ಇದು ಹವಳದ ದಿಬ್ಬದಲ್ಲಿ 120 ಸೆಂಟಿಮೀಟರ್‌ವರೆಗೂ ಬೆಳೆಯತ್ತೆ, ಅಂದ್ರೆ ನಮ್ ಮನೆ ಹಾಲ್‌ನಲ್ಲಿರೋ ನಾಲ್ಕಡಿ ಟ್ಯಾಂಕ್ ಎಷ್ಟುದ್ದಾನೋ ಮೀನೂ ಅಷ್ಟುದ್ದ! ದೊಡ್ಡದಾದ್ಮೇಲೆ ಮಚ್ಚೆನೂ ಇರಲ್ಲ, ಕಡು ಹಸಿರಾಗಿ ಗಂಡಿಗೆ ಹಣೆ ಮೇಲೆ ಗುಬುಟು ಬರತ್ತೆ.

ಇಲ್ಲ, ನಂಗೆ ದೊಡ್ಡ ಟ್ಯಾಂಕ್ ಕಟ್ಟೋ ತಾಕತ್ತಿದೆ ಅಂದ್ರೆ ಮೊದಲು ಮರಳು ನೋಡ್ಕೊಳಿ. ನುಣ್ಣಗಿರೋದು, ಮೂರ್ನಾಲ್ಕು ಇಂಚು ದಪ್ಪ ಹಾಕಿ, ಯಾಕಂದ್ರೆ ರಾತ್ರಿ ಅದ್ರೊಳಗೆ ಹೂತ್ಕೊಂಡೇ ಮಲಗೋದು, ಜಲ್ಲಿಕಲ್ಲು ಹಾಕಿದ್ರೆ ಮೈ ಕಿತ್ತೋಗತ್ತೆ. ತಂದ ಹೊಸದ್ರಲ್ಲಿ ಒಂದೆರಡು ದಿನ ಕಾಣಲ್ಲ, ಸತ್ತೋಯ್ತು ಅಂತ ಮರಳು ಕೆದಕ್ಬೇಡಿ ಪ್ಲೀಸ್. ಮುಚ್ಚಳ ಬೇಕೇ ಬೇಕು, ಜಿಗಿಯತ್ತೆ. ಕಾವೇರಿ ನೀರು ಬೋರ್‌ವೆಲ್ ನೀರು ನೇರ ಸುರೀಬೇಡಿ, ಆರ್‌ಒ ನೀರಿಗೆ ಸಮುದ್ರದ ಉಪ್ಪು ಕಲಸಿ ಸಾಂದ್ರತೆ 1.025 ಹತ್ರ ಇಟ್ಕೊಳಿ.

ಬಸವನಹುಳು, ಹರ್ಮಿಟ್ ಏಡಿ, ಸೀಗಡಿ ಸಾಕಿದ್ರೆ ಮರ್ತುಬಿಡಿ, ಚಿಪ್ಪು ಒಡೆದು ತಿನ್ನೋದೇ ಇದ್ರ ಕಸುಬು. ಹವಳ ತಿನ್ನಲ್ಲ, ಆದ್ರೆ ಊಟ ಹುಡುಕ್ತಾ ಕಲ್ಲೆಲ್ಲ ಮಗುಚಿ ಹಾಕತ್ತೆ.